ಮೊಣಕಾಲೆತ್ತರದ ಗೇಟಿನ ಮುಂದೆ ನಿಂತವನ ದೂರು

ಮಾನ್ಯ ಗೇಟುಪಾಲಕರೇ, ನಮ್ಮ ಹಿತ್ತಿಲ ರೈಲುಮಾರ್ಗದ ಏಕೈಕ ಗೇಟಿನ ಸರ್ವಾಧಿಕಾರಿಗಳೇ, ಹಾಗೂ ನನ್ನ ಹೆಂಡತಿಯ ತಂದೆಯವರೇ,

ಮೊದಲಿಗೆ ತಮ್ಮ ಪಾದಗಳಿಗೆ, ಆ ಪಾದಗಳನ್ನು ದಿನವಿಡೀ ಬಿಟ್ಟಿರದ ಕಪ್ಪು ಬೂಟುಗಳಿಗೆ, ಆ ಬೂಟುಗಳ ಬಿಗಿದ ಲೇಸುಗಳಿಗೆ ನನ್ನ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ ಎಂದು ಬರೆಯುವುದು ವಾಡಿಕೆ. ಆದರೆ ನಾನು ಅಡುಗೆಮನೆಯ ಹಿಂಬದಿಯ ಮೆಟ್ಟಿಲ ಮೇಲೆ ಕೂತು ಇದನ್ನು ಬರೆಯುತ್ತಿರುವಾಗ ತಾವು ಒಳಗೆ, ನಾಲ್ಕು ಮಾರು ದೂರದ ಮಂಚದ ತುದಿಯಲ್ಲಿ, ಗೋಡೆಗೆ ಮುಖ ಮಾಡಿ ಕೂತಿರುವುದರಿಂದಲೂ, ಹತ್ತು ನಿಮಿಷಕ್ಕೊಮ್ಮೆ ನನಗೆ ಕೇಳಿಸಲೆಂದೇ ಕೆಮ್ಮುತ್ತಿರುವುದರಿಂದಲೂ, ನಂಬುವ ಅಗತ್ಯ ಬಿದ್ದಿಲ್ಲ, ಕಿವಿಯಿಂದಲೇ ಗೊತ್ತಾಗುತ್ತಿದೆ.

ಇಷ್ಟು ಹತ್ತಿರ ಇರುವವರಿಗೆ ಪತ್ರವೇಕೆ ಎಂದು ಓದುವವರು ಕೇಳಬಹುದು. ಗುರುವಾರ ಬೆಳಿಗ್ಗೆಯಿಂದ ತಾವು ನನ್ನೊಡನೆ ಮಾತು ಬಿಟ್ಟಿದ್ದೀರಿ. ಬಿಡುವ ಮೊದಲೂ ಬಾಯಿಮಾತಿನ ದೂರನ್ನು ತಾವು ಸ್ವೀಕರಿಸಿದವರಲ್ಲ. "ಬರೆದು ಕೊಡಿ ಅಳಿಯಂದ್ರೇ, ನೋಡೋಣ" ಎಂಬುದೇ ತಮ್ಮ ಉತ್ತರವಾಗಿತ್ತು. ಆದ್ದರಿಂದ ಬರೆದು ಕೊಡುತ್ತಿದ್ದೇನೆ. ಬಹಿರಂಗವಾಗಿ ಏಕೆಂದರೆ, ಮುಗಿಸಿದ ಮೇಲೆ ಇದನ್ನು ಪಾಯಿಖಾನೆಯ ಬಾಗಿಲಿಗೆ ಅಂಟಿಸುವವನಿದ್ದೇನೆ. ಮನೆಯವರೂ ಬಂದವರೂ ಒಮ್ಮೆಯಾದರೂ ನಿಂತು ಓದುವ ಜಾಗ ಈ ಮನೆಯಲ್ಲಿ ಅದೊಂದೇ. ದೂರು ಇರುವುದೂ ಅಲ್ಲಿಗೆ ಹೋಗುವ ದಾರಿಯ ಬಗ್ಗೆಯೇ. ನಾಳೆ, ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ತಮ್ಮ ಮಗ, ಅಂದರೆ ನನ್ನ ಭಾವಮೈದ, ಬಂದು ತಮ್ಮನ್ನು ತನ್ನ ಐದನೇ ಮಹಡಿಯ ಮನೆಗೆ ಖಾಯಮ್ಮಾಗಿ ಕರೆದುಕೊಂಡು ಹೋಗುವವನಿದ್ದಾನೆ. ತಾವೇ ಫೋನ್ ಮಾಡಿ ಕರೆಸಿಕೊಂಡಿದ್ದೀರಿ, ಪೆಟ್ಟಿಗೆಯನ್ನೂ ಕಟ್ಟಿ ಇಟ್ಟಿದ್ದೀರಿ. ಅಷ್ಟರೊಳಗೆ ಈ ದೂರು ವಿಲೇವಾರಿ ಆಗದಿದ್ದರೆ ಆಮೇಲೆ ಅದನ್ನು ಕೇಳುವ ಅಧಿಕಾರಿಯೇ ಈ ಮನೆಯಲ್ಲಿ ಇರುವುದಿಲ್ಲ.

ವಿಷಯ ತಿಳಿಯದೆ ಬಾಗಿಲ ಮುಂದೆ ಅವಸರದಲ್ಲಿ ನಿಂತಿರುವ ಓದುಗರಿಗಾಗಿ ಮೊದಲಿನಿಂದ ಹೇಳುವುದು ನನ್ನ ಕರ್ತವ್ಯ. ನಾನು ಹೊಲಿಗೆ ಯಂತ್ರ ರಿಪೇರಿ ಮಾಡುವವನು. ತಾವು ಮೂವತ್ತನಾಲ್ಕು ವರ್ಷ ರೈಲ್ವೆ ಗೇಟು ಕಾದು ನಿವೃತ್ತರಾದವರು. ಎರಡು ವರ್ಷದ ಕೆಳಗೆ ತಾವು ನಮ್ಮ ಮನೆಗೆ ಬಂದಾಗ ತಮ್ಮ ಮಗಳು ಕೋಣೆ ಕೊಟ್ಟಳು, ಕಿಟಕಿಯ ಪಕ್ಕ ಮಂಚ ಹಾಕಿದಳು. ತಾವು ಬೆಳಗ್ಗೆ ಐದಕ್ಕೆ ಎದ್ದು, ಮುಖ ತೊಳೆದು, ಬೂಟು ಹಾಕಿಕೊಂಡು, ಲೇಸು ಕಟ್ಟಿ, ಮಂಚದ ತುದಿಯಲ್ಲಿ ಕೂರುತ್ತಿದ್ದಿರಿ. ಸಂಜೆ ಲೇಸು ಬಿಚ್ಚುತ್ತಿದ್ದಿರಿ. ಅಲ್ಲಿಗೆ ಒಂದು ದಿನ ಮುಗಿಯುತ್ತಿತ್ತು. ಬಟಾಣಿ ಸುಲಿಯಲು ಕೊಟ್ಟರೆ ಐದು ನಿಮಿಷದಲ್ಲಿ ಸುಲಿದು ಮತ್ತೆ ಕೂರುತ್ತಿದ್ದಿರಿ. ಊಟ ಅರ್ಧವಾಯಿತು, ಮಾತು ಕಾಲು ಭಾಗಕ್ಕೆ ಇಳಿಯಿತು, ಕೊನೆಗೆ "ಗಂಟೆ ಎಷ್ಟಾಯ್ತು" ಎಂಬುದೊಂದೇ ಉಳಿಯಿತು. ಡಾಕ್ಟರು ನಾಡಿ, ಎದೆ, ನಾಲಿಗೆ ಎಲ್ಲ ನೋಡಿ "ಇವರಿಗೆ ಕಾಯಿಲೆ ಏನೂ ಇಲ್ಲ, ಕೆಲಸ ಇಲ್ಲ ಅಷ್ಟೆ" ಎಂದರು. ಅದಕ್ಕೆ ಅಂಗಡಿಯಲ್ಲಿ ಸಿಗುವ ಔಷಧ ಬರೆಯಲಿಲ್ಲ.

ಆಗ ನನ್ನ ತಲೆಗೆ ಒಂದು ಬುದ್ಧಿ ಬಂತು. ತಲೆಗೆ ಬುದ್ಧಿ ಬಂದಾಗಲೆಲ್ಲ ನನ್ನ ಹೆಂಡತಿ ಪಾತ್ರೆಗಳನ್ನು ಎತ್ತಿ ಭದ್ರ ಮಾಡುತ್ತಾಳೆ. ಈ ಸಲವೂ ಮಾಡಿದಳು. ಗುಜರಿ ಅಂಗಡಿಯಲ್ಲಿ ಗೇಣುದ್ದದ ಒಂದು ಹಸಿರು ರೈಲು ಎಂಜಿನ್, ಮೂರು ಡಬ್ಬಿ ಸಿಕ್ಕವು, ಅದರಲ್ಲಿ ಒಂದಕ್ಕೆ ಚಾವಣಿ ಇರಲಿಲ್ಲ. ಸುಟ್ಟಿದ್ದ ಮೋಟರಿಗೆ ಹೊಸ ತಂತಿ ಸುತ್ತಿದೆ. ನಮ್ಮ ಹಿತ್ತಿಲು ಹದಿನಾಲ್ಕು ಅಡಿ ಉದ್ದ, ಒಂಬತ್ತು ಅಡಿ ಅಗಲ. ಅದರೊಳಗೇ ಬಚ್ಚಲು, ಪಾಯಿಖಾನೆ, ನಲ್ಲಿ, ಬಟ್ಟೆ ಒಗೆಯುವ ಕಲ್ಲು, ಒಂದು ನಿಂಬೆಗಿಡ, ಒಗೆದ ಬಟ್ಟೆಯ ತಂತಿ. ರೈಲು ಹಾಕಲು ಉಳಿದ ಜಾಗವೆಂದರೆ ಗೋಡೆಯ ಬುಡ ಮಾತ್ರ. ಆದ್ದರಿಂದ ಹಳಿ ಅಡುಗೆಮನೆಯ ಮೆಟ್ಟಿಲ ಮುಂದಿನಿಂದ ಹೊರಟು, ಎಡಗೋಡೆಯನ್ನು ಸವರಿಕೊಂಡು, ಪಾಯಿಖಾನೆಗೂ ಕಾಂಪೌಂಡಿಗೂ ನಡುವೆ ಇದ್ದ ಒಂದು ಗೇಣು ಸಂದಿಯಲ್ಲಿ ನುಸುಳಿ, ಬಲಗೋಡೆಯ ಮೋರಿಯ ಮೇಲೆ ಸೇತುವೆ ದಾಟಿ, ಮತ್ತೆ ಮೆಟ್ಟಿಲ ಮುಂದಕ್ಕೇ ಬಂತು. ಇಟ್ಟಿಗೆ ಹಾಸಿ, ಗಾರೆ ಹಾಕಿ, ಮಳೆನೀರು ನಿಲ್ಲದ ಹಾಗೆ ಬೆರಳಿನಷ್ಟು ಇಳಿಜಾರು ಕೊಟ್ಟೆ. ದರ್ಜಿಗಳು ಬಿಸಾಕಿದ ಮರದ ಅಳತೆಪಟ್ಟಿಗಳನ್ನು ಕತ್ತರಿಸಿ ಹಳಿಯಡಿಯ ಪಟ್ಟಿ ಮಾಡಿದೆ. ಇವತ್ತಿಗೂ ಬಗ್ಗಿ ನೋಡಿದರೆ ಹದಿನೇಳು, ಹದಿನೆಂಟು, ಹತ್ತೊಂಬತ್ತು ಎಂದು ಅಂಕಿಗಳು ಕಾಣುತ್ತವೆ. ನಾಲ್ಕು ತಿಂಗಳು ನನ್ನ ಮೊಣಕಾಲು ನನ್ನದಾಗಿ ಉಳಿಯಲಿಲ್ಲ.

ಮೊದಲ ದಿನ ಗಾಡಿ ಹೊರಟಾಗ ತಾವು ಕೈ ಹಿಂದೆ ಕಟ್ಟಿಕೊಂಡು ಹನ್ನೊಂದು ಸುತ್ತು ನೋಡಿದಿರಿ. ನಾನೂ ಹೆಂಡತಿಯೂ ತಮ್ಮ ಮುಖವನ್ನು ನೋಡಿದೆವು. ಹನ್ನೆರಡನೆಯ ಸುತ್ತಿಗೆ ತಾವು ಬಾಯಿ ಬಿಟ್ಟು "ಅಳಿಯಂದ್ರೇ, ಇಲ್ಲಿ ಜನ ದಾಟ್ತಾರಲ್ಲ, ಗೇಟೆಲ್ಲಿ?" ಎಂದಿರಿ. ಆರು ತಿಂಗಳಲ್ಲಿ ತಾವು ಆಡಿದ ಅತಿ ಉದ್ದದ ಮಾತು ಅದು. ನನ್ನ ಹೆಂಡತಿ ಕೈಯಲ್ಲಿದ್ದ ಒದ್ದೆ ಬಟ್ಟೆಯಲ್ಲೇ ಮುಖ ಒರೆಸಿಕೊಂಡಳು. ನಾನು ಆ ಸಂತೋಷದ ಅಮಲಿನಲ್ಲಿ ಅಂದೇ ಸಂಜೆ ಪರದೆಯ ಕೊಳವೆಯೊಂದಕ್ಕೆ ಕೆಂಪು ಬಿಳಿ ಬಣ್ಣ ಬಳಿದು, ಹಿಂದುಗಡೆ ಭಾರಕ್ಕೆ ಹಳೆಯ ಹೊಲಿಗೆ ಯಂತ್ರದ ಕೈಚಕ್ರ ಕಟ್ಟಿ, ಮೊಣಕಾಲೆತ್ತರದ ಗೇಟು ಮಾಡಿ ತಮ್ಮ ವಶಕ್ಕೆ ಒಪ್ಪಿಸಿದೆ. ತಾವು ಪೆಟ್ಟಿಗೆಯಿಂದ ಹಳೆಯ ಸೀಟಿ, ಕೆಂಪು ಹಸಿರು ಬಾವುಟ, ಗೇಟಿನ ದಾಖಲೆ ಬರೆಯುವ ಪುಸ್ತಕ ತೆಗೆದು, ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತಿರಿ. ದೊಣ್ಣೆ ಕೊಟ್ಟು ಪೆಟ್ಟು ತಿಂದವನ ಕಥೆಯನ್ನು ನಾನು ಚಿಕ್ಕಂದಿನಲ್ಲಿ ಅಜ್ಜಿಯ ಬಾಯಲ್ಲಿ ಬೇಕಾದಷ್ಟು ಕೇಳಿದ್ದೆ. ಅವನು ದೊಣ್ಣೆಗೆ ಬಣ್ಣವನ್ನೂ ಬಳಿದು ಕೊಟ್ಟಿದ್ದ ಎಂದು ಮಾತ್ರ ಅವಳು ಹೇಳಿರಲಿಲ್ಲ.

ಇನ್ನು ದೂರು. ಗಾಡಿ ಬರುವ ಐದು ನಿಮಿಷ ಮೊದಲು ಗೇಟು ಹಾಕಬೇಕು, ಗಾಡಿ ದಾಟಿದ ಮೇಲೆ ಐದು ನಿಮಿಷದೊಳಗೆ ಇನ್ನೊಂದು ಗಾಡಿ ಬರುವುದಿದ್ದರೆ ತೆಗೆಯಬಾರದು ಎಂಬುದು ತಾವು ಮೂವತ್ತನಾಲ್ಕು ವರ್ಷ ಪಾಲಿಸಿದ ನಿಯಮ. ಬಹಳ ಒಳ್ಳೆಯ ನಿಯಮ. ಆದರೆ ನಮ್ಮ ಮಾರ್ಗದ ಒಟ್ಟು ಉದ್ದ ಮೂವತ್ತೆಂಟು ಅಡಿ, ಗಾಡಿ ಒಂದು ಸುತ್ತು ಬರಲು ಐವತ್ತು ಸೆಕೆಂಡು. ಹಾಗಾಗಿ ಗಾಡಿ ಹೋಯಿತು ಎನ್ನುವಷ್ಟರಲ್ಲಿ ಬರುವ ಗಾಡಿಯ ಐದು ನಿಮಿಷ ಶುರುವಾಗಿ ನಾಲ್ಕು ನಿಮಿಷ ಹತ್ತು ಸೆಕೆಂಡು ಕಳೆದಿರುತ್ತದೆ. ಮೊದಲ ದಿನ ಹಾಕಿದ ಗೇಟು ಬ್ಯಾಟರಿ ಸಾಯುವವರೆಗೆ, ಎರಡು ಗಂಟೆ ಕಾಲ, ತೆರೆಯಲೇ ಇಲ್ಲ. ಪಾಯಿಖಾನೆ ಹಳಿಯ ಒಳಗೆ, ಮನೆ ಹಳಿಯ ಹೊರಗೆ, ನಡುವೆ ತಾವು. "ಅದೇ ಗಾಡಿ ಸುತ್ತಿ ಬರ್ತಿರೋದು ಮಾವ" ಎಂದು ನಾನು ಅತ್ಯಂತ ವಿನಯದಿಂದ ಹೇಳಿದೆ. "ಯಾವ್ ಗಾಡಿ ಆದ್ರೇನು, ಬರ್ತಿದೆ ತಾನೆ?" ಎಂದಿರಿ.

ಕೊಳವೆ ಇರುವುದು ಮೊಣಕಾಲೆತ್ತರಕ್ಕೆ. ಕೋಳಿಯೂ ಅದನ್ನು ಹಾರಿ ದಾಟೀತು. ಆದರೂ ಐವತ್ತು ದಾಟಿದ ನಾನು, ನನ್ನ ಹೆಂಡತಿ, ಬಂದ ನೆಂಟರು, ಎಲ್ಲರೂ ಅದರ ಮುಂದೆ ಕೈಯಲ್ಲಿ ತಂಬಿಗೆ ಹಿಡಿದು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ನಿಂತೆವು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಸ್ಟೂಲು ಹತ್ತಿ ಗೋಡೆಯ ಮೇಲಿಂದ ಇಣುಕಿ, "ಏನ್ರೀ ಸಾಲಾಗಿ ನಿಂತಿದೀರಿ, ಏನಾದ್ರೂ ಹಂಚ್ತಿದಾರಾ?" ಎಂದು ಕೇಳಿದರು. ಅವರೂ ಆಮೇಲೆ ಇಳಿದು ಹೋಗಲಿಲ್ಲ, ಗಾಡಿ ನಿಲ್ಲುವ ತನಕ ಗೋಡೆಯ ಆಚೆ ನಿಂತೇ ಇದ್ದರು. ಗದರಿಸದೆ, ಕೈ ಎತ್ತದೆ, ಕೇವಲ ಸ್ಟೂಲಿನ ಮೇಲೆ ನೆಟ್ಟಗೆ ಕೂತು ಇಷ್ಟು ಜನರನ್ನು ತಡೆದು ನಿಲ್ಲಿಸುವ ಶಕ್ತಿ ತಮಗೆ ಎಲ್ಲಿಂದ ಬಂತೆಂದು ನನಗೆ ತಿಳಿಯದು. ನಮ್ಮ ಬೀದಿಯ ಕೊನೆಯಲ್ಲಿ ಒಂದು ಕಚೇರಿಯಿದೆ; ಅಲ್ಲಿನವರಿಗೆ ಕಬ್ಬಿಣದ ಬಾಗಿಲು, ಬೀಗ, ಕೋಲು ಹಿಡಿದ ಕಾವಲುಗಾರ ಎಲ್ಲ ಇದ್ದೂ ಜನ ಕಿಟಕಿಯಿಂದ ಒಳಗೆ ನುಗ್ಗುತ್ತಾರೆ. ಕೆಲಸವಿದ್ದೂ ಮಾಡದವರನ್ನು ನೋಡಿ ಬೆಳೆದ ನಮಗೆ, ಕೆಲಸವಿಲ್ಲದೆಯೂ ಮಾಡುವವರನ್ನು ಸಹಿಸುವ ಅಭ್ಯಾಸ ಇಲ್ಲ. ಅದು ನಮ್ಮ ಊನವೆಂದು ಒಪ್ಪುತ್ತೇನೆ.

ತಮ್ಮ ಸಲಹೆಯಂತೆಯೇ ವೇಳಾಪಟ್ಟಿ ಬಂತು. ತಮ್ಮ ಮಗಳು ಕ್ಯಾಲೆಂಡರಿನ ಹಿಂಬದಿಯಲ್ಲಿ ಚೆಂದದ ಅಕ್ಷರದಲ್ಲಿ ಬರೆದು ಅಡುಗೆಮನೆಗೆ ತೂಗುಹಾಕಿದಳು. ಬೆಳಿಗ್ಗೆ ಆರೂವರೆಯಿಂದ ಇಪ್ಪತ್ತು ನಿಮಿಷ, ಏಳು ಹತ್ತರಿಂದ ಇಪ್ಪತ್ತು ನಿಮಿಷ, ಸಂಜೆ ಐದರಿಂದ ನಲವತ್ತು ನಿಮಿಷ. ಉಳಿದ ಹೊತ್ತು ಗೇಟು ತೆರೆದಿರುತ್ತದೆ, ಸಾರ್ವಜನಿಕರು ಸಹಕರಿಸಬೇಕು. ಸಹಕರಿಸಿದೆವು. ಸ್ನಾನ ಯಾವ ಗಾಡಿಗೂ ಯಾವ ಗಾಡಿಗೂ ನಡುವೆ, ಬಟ್ಟೆ ಒಗೆಯುವುದು ಯಾವ ಗಾಡಿ ಆದ ಮೇಲೆ, ಎರಡನೇ ಲೋಟ ಕಾಫಿ ಕುಡಿಯುವ ಧೈರ್ಯ ಯಾವಾಗ ಮಾಡಬಹುದು, ಎಲ್ಲ ಕಲಿತೆವು. ಆದರೆ ಹೊಟ್ಟೆ ಎಂಬುದು ಓದು ಬರಹ ಕಲಿತಿಲ್ಲವಲ್ಲ.

ದಪ್ಪ ದರ್ಜಿಯ ಪ್ರಕರಣವನ್ನು ಇಲ್ಲಿ ದಾಖಲಿಸಲೇಬೇಕು. ನನಗೆ ರಿಪೇರಿಗೆ ಕೊಟ್ಟಿದ್ದ ಯಂತ್ರ ನೋಡಿಕೊಂಡು ಹೋಗಲು ಬಂದ ಅವರು ಸಂಜೆ ಐದಕ್ಕೆ ಏಳು ನಿಮಿಷ ಇರುವಾಗ ನನ್ನ ಕಿವಿಯಲ್ಲಿ ಒಂದು ಮಾತು ಹೇಳಿ ಹಿತ್ತಿಲಿಗೆ ಹೋದರು. ಐದಕ್ಕೆ ಐದು ನಿಮಿಷ ಇರುವಾಗ ತಾವು ಗೇಟು ಹಾಕಿದಿರಿ. ಐದಕ್ಕೆ ಎರಡು ನಿಮಿಷ ಇರುವಾಗ ಅವರು ನಿರಾಳವಾಗಿ, ನಗುಮುಖದಿಂದ ಹೊರಗೆ ಬಂದರು. ಹೋದದ್ದು ತುರ್ತಿನಲ್ಲಿ, ಈಗ ತುರ್ತು ಮುಗಿದಿದೆ, ಇನ್ನು ನಿಂತರೇನಂತೆ ಎಂದು ತಾವು ನಿರ್ಣಯಿಸಿದಂತೆ ಕಂಡಿತು. "ಒಳಗೆ ಹೋಗೋರಿಗೂ ಇದೇ ಗೇಟು, ಹೊರಗೆ ಬರೋರಿಗೂ ಇದೇ ಗೇಟು" ಎಂದಿರಿ. ಆ ಮಹಾನುಭಾವರು ಒಗೆಯುವ ಕಲ್ಲಿನ ಮೇಲೆ ಕೂತು ಅದರ ಸುತ್ತ ನಲವತ್ತೆಂಟು ಸಲ ಸುತ್ತಿದ ರೈಲನ್ನು ಕತ್ತು ತಿರುಗಿಸಿ ತಿರುಗಿಸಿ ನೋಡಿದರು. ಬಿಡುಗಡೆಯಾಗಿ ಬಂದಾಗ "ನಿಮ್ಮನೇಗೆ ಬರೋ ಮುಂಚೆ ಹೊಟ್ಟೆಗೂ ಟೈಮ್‌ಟೇಬಲ್ ತೋರಿಸ್ಕೊಂಡು ಬರ್ಬೇಕಲ್ರೀ" ಎಂದರು. ತಾವು ಅದನ್ನು ಸಲಹೆ ಎಂದು ತಿಳಿದು ಪುಸ್ತಕದಲ್ಲಿ ಬರೆದುಕೊಂಡಿರಿ.

ಈ ಎಲ್ಲ ಹಿನ್ನೆಲೆಯಲ್ಲಿ ನನ್ನ ಕೆಲವು ವಿನಮ್ರ ಬೇಡಿಕೆಗಳಿದ್ದವು. ಮೊಣಕಾಲೆತ್ತರದ ಗೇಟಿನ ಮೇಲೆ ಪಾದಚಾರಿಗಳಿಗಾಗಿ ಒಂದು ಮೇಲ್ಸೇತುವೆ ಮಂಜೂರು ಮಾಡಬೇಕು. ಪ್ರಕೃತಿಯ ಕರೆಯನ್ನು ವಿಶೇಷ ರೈಲೆಂದು ಪರಿಗಣಿಸಿ ಮಾಮೂಲಿ ಗಾಡಿಗಳನ್ನು ಪಕ್ಕಕ್ಕೆ ನಿಲ್ಲಿಸಬೇಕು. ನಿಂಬೆಗಿಡದ ಬುಡದಿಂದ ಹೊರಟು ಹಳಿಯ ಮೇಲೆಯೇ ಮೆರವಣಿಗೆ ಹೋಗುವ ಇರುವೆಗಳಿಗೆ ತಾವು ಇದುವರೆಗೆ ಒಂದು ನೋಟಿಸನ್ನೂ ಕೊಟ್ಟಿಲ್ಲ. ಅಳಿಯನಿಗೊಂದು ನ್ಯಾಯ ಇರುವೆಗೊಂದು ನ್ಯಾಯ ಆಗಬಾರದು. ಒಲೆಯ ಮೇಲಿಟ್ಟ ಹಾಲಿಗೆ ಗೇಟು ಹಾಕಿರುವ ಹೊತ್ತಿನಲ್ಲಿ ಉಕ್ಕಬಾರದೆಂದು ತಾವು ಲಿಖಿತ ಆದೇಶ ಹೊರಡಿಸಬೇಕು. ಈ ಕೊನೆಯ ಬೇಡಿಕೆಯನ್ನು ಬುಧವಾರವೇ ಸಲ್ಲಿಸಿದ್ದರೆ ಗುರುವಾರದ ಅನಾಹುತ ತಪ್ಪುತ್ತಿತ್ತು.

ಗುರುವಾರದ್ದನ್ನು ತಾವು ಪುಸ್ತಕದಲ್ಲಿ ಎರಡೇ ಸಾಲಿನಲ್ಲಿ ಬರೆದಿದ್ದೀರಿ. ನನ್ನ ಕಡೆಯಿಂದಲೂ ಕೇಳಬೇಕು. ನಾನು ಬಚ್ಚಲಿನಲ್ಲಿ ಸ್ವಲ್ಪ ತಡಮಾಡಿದೆ. ಹೊರಗೆ ಬರುವಾಗ ಏಳು ಗಂಟೆ ಹನ್ನೆರಡು ನಿಮಿಷ, ಗೇಟು ಬಿದ್ದಿತ್ತು, ಗಾಡಿ ಮೂರನೆಯ ಸುತ್ತಿನಲ್ಲಿತ್ತು. ಹೆಂಡತಿ ಮುಂಬಾಗಿಲಲ್ಲಿ ಯಾರೊಡನೆಯೋ ಮಾತಾಡುತ್ತಾ ನಿಂತವಳು ಅಲ್ಲಿಂದಲೇ "ರೀ, ಹಾಲು ನೋಡಿ" ಎಂದು ಕೂಗಿದಳು. ನೋಡಿದೆ. ಹಾಲು ಪಾತ್ರೆಯ ಕಂಠಕ್ಕೆ ಏರುತ್ತಿರುವುದು ಹಳಿಯ ಈಚೆಯಿಂದ ಚೆನ್ನಾಗಿ ಕಾಣುತ್ತಿತ್ತು. ತಾವು ಸ್ಟೂಲಿನ ಮೇಲೆ, ಒಲೆಗೆ ಬೆನ್ನು ಹಾಕಿ, ಒಲೆಯಿಂದ ಆರೇ ಅಡಿ ದೂರದಲ್ಲಿ ಕೂತಿದ್ದಿರಿ. "ಮಾವ, ಸ್ವಲ್ಪ ಒಲೆ ಆರಿಸಿ" ಎಂದೆ. "ಗೇಟು ಬಿಟ್ಟು ಹೇಗ್ ಬರ್ಲಿ?" ಎಂದಿರಿ. ಹಾಲು ಉಕ್ಕಿತು. ನಾನು ದಾಟಿದೆ.

ದಾಟುವಾಗ ಸೊಂಟದ ಟವೆಲು ಕೊಳವೆಗೆ ಸಿಕ್ಕಿ ಕೊಳವೆ ಕಿತ್ತು ಬಂತು, ಕೊಳವೆ ತಪ್ಪಿಸಲು ಹೋಗಿ ಕಾಲು ಎರಡನೇ ಡಬ್ಬಿಗೆ ಬಡಿಯಿತು, ಎಂಜಿನ್ ಮಗುಚಿದ ಜಿರಳೆಯ ಹಾಗೆ ಬೆನ್ನ ಮೇಲೆ ಬಿದ್ದು ಚಕ್ರ ತಿರುಗಿಸುತ್ತಿತ್ತು. ತಾವು ಎದ್ದಿರಿ. ಕೆಂಪು ಬಾವುಟವನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, ಸೀಟಿ ಊದುತ್ತಾ, ನನಗೂ ಎಂಜಿನ್ನಿಗೂ ನಡುವೆ ಬಂದು ನಿಂತಿರಿ. ನಂತರ ಪುಸ್ತಕ ತೆಗೆದು "ಗೇಟು ಹಾಕಿದ್ದಾಗ ಒಬ್ಬ ವ್ಯಕ್ತಿ ದಾಟಿದ್ದಾನೆ" ಎಂದು ಬರೆದು, ನನ್ನ ಮುಂದೆ ಚಾಚಿ, "ಇಲ್ಲಿ ಒಂದು ಸಹಿ ಹಾಕಿ" ಎಂದಿರಿ. ಮೈಮೇಲೆ ಒಂದು ಟವೆಲು, ಕಿವಿಯೊಳಗೆ ಸಾಬೂನು, ಹಿಂದೆ ಸೀದ ಹಾಲಿನ ವಾಸನೆ, ಮುಂದೆ ಸಹಿಯ ಪುಸ್ತಕ. ನನಗೆ ನಗು ಬಂತು. ನಕ್ಕೆ. ನಕ್ಕವನು ಅಷ್ಟಕ್ಕೇ ನಿಲ್ಲದೆ "ಬಿಡಿ ಮಾವ, ಇದು ಆಟದ ಸಾಮಾನು" ಎಂದೂ ಹೇಳಿದೆ.

ತಾವು ಪೆನ್ನಿಗೆ ಮುಚ್ಚಳ ಹಾಕಿದಿರಿ, ಕೊರಳಿನ ಸೀಟಿ ತೆಗೆದಿರಿ, ಎರಡೂ ಬಾವುಟಗಳನ್ನು ಸುತ್ತಿ ಉಪ್ಪಿನ ಡಬ್ಬಿಯ ಪಕ್ಕ ಇಟ್ಟಿರಿ. "ಚಾರ್ಜು ಒಪ್ಪಿಸಿದ್ದೇನೆ" ಎಂಬ ಚೀಟಿ ಬರೆದು ದಿನಾಂಕ ಹಾಕಿ ಅದರ ಕೆಳಗೆ ಸಿಕ್ಕಿಸಿದಿರಿ. ಮಗನಿಗೆ ಫೋನ್ ಮಾಡಿದಿರಿ. ಸೀದ ಪಾತ್ರೆ ಉಜ್ಜುತ್ತಾ ನಾನು, ಎರಡು ದಿನದಲ್ಲಿ ಸರಿಹೋಗುತ್ತದೆ, ಮುದುಕರ ಕೋಪ ಅನ್ನದ ಉಗಿ ಇದ್ದ ಹಾಗೆ ಎಂದುಕೊಂಡೆ.

ಶುಕ್ರವಾರ ಬಟ್ಟೆ ಮಡಿಸುತ್ತಾ ಕೂತಿದ್ದ ತಮ್ಮ ಮಗಳು, ತಲೆ ಎತ್ತದೆ, ನನಗೆ ಒಂದು ವಿಷಯ ಹೇಳಿದಳು. "ಅಪ್ಪ ಮೂವತ್ತನಾಲ್ಕು ವರ್ಷ ಕಾದ ಗೇಟಲ್ಲಿ ಸತ್ತಿದ್ದು ಒಬ್ಬನೇ. ಒಬ್ಬ ಬಡಗಿ. ಸೈಕಲ್ ಓರೆ ಮಾಡ್ಕೊಂಡು ಗೇಟಿನ ಕೆಳಗೆ ನುಗ್ಗಿದ. ಅಪ್ಪ ಕೂಗಿದ್ರೆ ತಿರುಗಿ ನೋಡಿ ನಕ್ಕನಂತೆ. ನಂಗಾಗ ಏಳು ವರ್ಷ. ವಿಚಾರಣೇಲಿ ಅಪ್ಪಂದು ತಪ್ಪಿಲ್ಲ ಅಂತ ಬರೆದ್ರು. ಅಪ್ಪ ಮಾತ್ರ ಹಾಗಂತ ಬರ್ಕೊಳ್ಳಲಿಲ್ಲ." ಇಷ್ಟು ಹೇಳಿ ಅವಳು ತಮ್ಮ ಅಂಗಿಯ ತೋಳುಗಳನ್ನು ಒಂದರ ಮೇಲೊಂದು ಇಟ್ಟು ಮಡಿಸಿ ಪೆಟ್ಟಿಗೆಗೆ ಹಾಕಿದಳು.

ಮಾನ್ಯರೇ, ನನ್ನ ದೂರುಗಳಲ್ಲೆಲ್ಲ ಅತ್ಯಂತ ಗಂಭೀರವಾದದ್ದು ಇದು. ಯಾರು ಎಷ್ಟು ಹೊತ್ತಿಗೆ ಬಚ್ಚಲಿಗೆ ಹೋದರೆಂಬುದನ್ನೂ ಬರೆದಿಡುವ ತಾವು, ನಮ್ಮ ಜೊತೆ ಎರಡು ವರ್ಷ ಒಂದೇ ಸೂರಿನಡಿ ಕೂತು ಉಂಡ ತಾವು, ಈ ಒಂದು ಸಂಗತಿಯನ್ನು ಬಾಯಿ ಬಿಟ್ಟು ಹೇಳಲಿಲ್ಲ. ಇದು ಯಾವ ನಿಯಮದಲ್ಲಿದೆ? ಹೇಳಿದ್ದರೆ ನಾನು ಹಾಲು ಉಕ್ಕಲು ಬಿಡುತ್ತಿದ್ದೆ. ಒಂದು ಪಾತ್ರೆ ಹಾಲೇನು, ಮನೆಯೇ ಹೊತ್ತಿಕೊಂಡರೂ ಟವೆಲು ಬಿಗಿದುಕೊಂಡು ಹಳಿಯ ಆಚೆಗೆ ಇಪ್ಪತ್ತು ನಿಮಿಷ ನಿಲ್ಲುತ್ತಿದ್ದೆ. ಹೇಳದೆ ನನ್ನನ್ನು ನಗಲು ಬಿಟ್ಟಿರಿ. ಗೊತ್ತಿಲ್ಲದವನ ನಗುವಿಗೂ ಗೊತ್ತಿದ್ದವನ ನಗುವಿಗೂ ತಮ್ಮ ಪುಸ್ತಕದಲ್ಲಿ ಬೇರೆ ಬೇರೆ ಖಾನೆ ಇಲ್ಲವೇ ಎಂದು ಕೇಳುವ ಹಕ್ಕು ನನಗಿದೆ. ಇಲ್ಲ ಎನ್ನುವುದಾದರೆ ಅದನ್ನೂ ಬರೆದು ಕೊಡಿ.

ಇನ್ನೊಂದು ದೂರು, ಗೇಟಿನ ಈಗಿನ ಸ್ಥಿತಿಯ ಬಗ್ಗೆ. ಗುರುವಾರದಿಂದ ಅದು ತೆರೆದೇ ಇದೆ. ಕಿತ್ತುಬಂದ ಕೊಳವೆಯನ್ನು ನಾನು ಅಂದೇ ಸರಿಮಾಡಿ ಕೂರಿಸಿದೆ, ಎಂಜಿನ್ನಿನ ಸೊಟ್ಟ ಚಕ್ರ ತಟ್ಟಿ ನೆಟ್ಟಗೆ ಮಾಡಿದೆ, ಯಂತ್ರಕ್ಕೆ ಬಿಡುವ ಎಣ್ಣೆ ಎರಡು ಹನಿ ಬಿಟ್ಟೆ. ಯಾರು ಬೇಕಾದರೂ ಯಾವಾಗ ಬೇಕಾದರೂ ಹೋಗಬಹುದು, ಬರಬಹುದು. ನಾನು ಎಂಟು ತಿಂಗಳು ಕನಸು ಕಂಡ ಸ್ವಾತಂತ್ರ್ಯ ಇದೇ. ಇವತ್ತು ಬೆಳಿಗ್ಗೆ ಏಳು ಹತ್ತಕ್ಕೆ ನಾನೇ ಗಾಡಿ ಬಿಟ್ಟೆ. ತಮ್ಮ ಮಗಳು ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಬಂದವಳು ತೆರೆದ ಗೇಟಿನ ಮುಂದೆ ನಿಂತಳು. ಗಾಡಿ ಆರು ಸಲ ಹೋಯಿತು, ಬಂತು. ಬಕೆಟ್ಟಿನಿಂದ ನೀರು ಸೋರಿ ಕಾಲು ನೆನೆಯುತ್ತಿತ್ತು. "ಯಾಕೆ ನಿಂತೆ, ಹೋಗು" ಎಂದೆ. "ಯಾರೂ ಬಿಡ್ಲಿಲ್ವಲ್ಲ" ಎಂದಳು. ಪಕ್ಕದ ಮೇಷ್ಟ್ರು ಗೋಡೆಯಾಚೆಯಿಂದ "ಇವತ್ತೇನ್ರೀ, ಮುಷ್ಕರವಾ?" ಎಂದರು. ನಾನು ಗಾಡಿ ನಿಲ್ಲಿಸಿದೆ. ಓಡಿಸುವುದಕ್ಕೆ ನನಗೂ ಮನಸ್ಸಾಗಲಿಲ್ಲ. ಕಾಯುವವರಿಲ್ಲದ ಮೇಲೆ ಅದು ನಿಜಕ್ಕೂ ಆಟದ ಸಾಮಾನೇ.

ಭಾವಮೈದ ತಮಗಾಗಿ ಒರಗಿಕೊಳ್ಳುವ ಕುರ್ಚಿ ತಂದಿಟ್ಟಿದ್ದಾನಂತೆ. ಗುಂಡಿ ಒತ್ತಿದರೆ ಕಾಲು ತಾನಾಗಿ ಮೇಲೆ ಬರುತ್ತದಂತೆ. "ಅಪ್ಪ ಇನ್ನು ಏನೂ ಮಾಡೋದು ಬೇಡ, ಹಾಯಾಗಿ ಕೂತಿರ್ಲಿ" ಎಂದು ನಿನ್ನೆ ಫೋನಿನಲ್ಲಿ ಅಕ್ಕನಿಗೆ ಹೇಳಿದ. ಒಳ್ಳೆಯ ಹುಡುಗ, ಎರಡು ವರ್ಷದಲ್ಲಿ ಎರಡು ಸಲ ಬಂದು ನೋಡಿಕೊಂಡು ಹೋಗಿದ್ದಾನೆ, ಎರಡು ಸಲವೂ ಹಣ್ಣು ತಂದಿದ್ದ. ಹಾಯಾಗಿ ಕೂರುವುದನ್ನು ತಾವು ನಮ್ಮ ಮನೆಯಲ್ಲಿ ಒಂದು ವರ್ಷದ ಮೇಲೆ ಅಭ್ಯಾಸ ಮಾಡಿದಿರಿ, ಅದರಲ್ಲಿ ತಾವು ಎಷ್ಟು ಸೊರಗಿದಿರಿ ಎಂಬುದಕ್ಕೆ ತಮ್ಮ ಬೆಲ್ಟಿಗೆ ನಾನು ಹೊಡೆದ ಎರಡು ಹೊಸ ತೂತುಗಳು ಸಾಕ್ಷಿ. ಗೇಟು ಬಂದ ಮೇಲೆ ಬೆಲ್ಟು ಮತ್ತೆ ಹಳೆಯ ತೂತಿಗೆ ಬಂದಿದೆ. ಅದನ್ನು ಹಾಳುಮಾಡಿಕೊಳ್ಳುವ ಅಧಿಕಾರ ತಮಗಿದೆಯೇ ಎಂಬುದನ್ನು ಪರಿಶೀಲಿಸಬೇಕಾಗಿ ಕೋರಿಕೆ.

ದೂರುಗಾರನು ತಾನು ಶುದ್ಧಹಸ್ತನಾಗಿರಬೇಕು ಎಂದು ತಾವು ಹೇಳುವಿರಿ. ಆದ್ದರಿಂದ ತಮ್ಮ ಪುಸ್ತಕದ ಆ ಪುಟಕ್ಕೆ ಸೇರಿಸಿಕೊಳ್ಳಲು ನನ್ನ ಹೇಳಿಕೆಯನ್ನು ಇಲ್ಲಿಯೇ, ಬರುವವರು ಹೋಗುವವರು ಎಲ್ಲ ಓದುವ ಹಾಗೆ, ಬರೆದುಕೊಡುತ್ತಿದ್ದೇನೆ:

ಗುರುವಾರ ಬೆಳಿಗ್ಗೆ ಏಳು ಗಂಟೆ ಹನ್ನೆರಡು ನಿಮಿಷಕ್ಕೆ, ಗೇಟು ಹಾಕಿದೆ ಎಂದು ಗೊತ್ತಿದ್ದೂ, ಗಾಡಿ ಬರುತ್ತಿದೆ ಎಂದು ಕಂಡೂ, ನಾನು ದಾಟಿದೆ. ಗೇಟುಪಾಲಕರು ತಮ್ಮ ಸ್ಥಳದಲ್ಲೇ ಇದ್ದರು. ಬೇಡವೆಂದು ತಡೆದರು. ಅವರ ಕಡೆಯಿಂದ ಯಾವ ಲೋಪವೂ ಆಗಿಲ್ಲ. ನಾನು ನಕ್ಕದ್ದು ತಪ್ಪು. ದಾಟಿದವನು ಬದುಕಿದ್ದಾನೆ.

ಸಹಿ ಕೆಳಗಿದೆ.

ಅದೆಲ್ಲ ಆದ ಮೇಲೂ ನನ್ನ ದೂರುಗಳು ದೂರುಗಳಾಗಿಯೇ ಉಳಿಯುತ್ತವೆ ಎಂಬುದನ್ನು ಗಮನಕ್ಕೆ ತರುತ್ತಿದ್ದೇನೆ. ತಾವು ಮರಳಿ ಕೆಲಸಕ್ಕೆ ಬಂದರೆ ಸುಮ್ಮನಿರುತ್ತೇನೆಂದು ಭಾವಿಸಬೇಡಿ. ದಿನಕ್ಕೊಂದು ಅರ್ಜಿ ಕೊಡುತ್ತೇನೆ, ಪ್ರತಿ ಗಾಡಿಗೂ ಗೊಣಗುತ್ತೇನೆ, ಇರುವೆಗಳ ವಿಷಯ ಬಿಡುವುದಿಲ್ಲ. ಗೊಣಗುವವರ ಮುಂದೆ ನೆಟ್ಟಗೆ ಕೂರುವುದೇ ತಮ್ಮ ಕೆಲಸವೆಂದು ನಾನು ಈಗ ತಿಳಿದುಕೊಂಡಿರುವುದರಿಂದ, ಗೊಣಗುವ ಜವಾಬ್ದಾರಿಯನ್ನು ನಾನು ಪೂರ್ತಿಯಾಗಿ ಹೊರುತ್ತೇನೆ.

ಇಂತು ತಮ್ಮ ವಿಶ್ವಾಸಿ,
ಹಳಿಯ ಒಳಗೂ ಹೊರಗೂ ನಿಂತು ಅಭ್ಯಾಸವಾಗಿರುವ
ತಮ್ಮ ಅಳಿಯ

ತಾಜಾ ಕಲಂ: ಭಾವಮೈದನ ಕಟ್ಟಡದಲ್ಲಿ ಲಿಫ್ಟ್ ಇದೆ. ನಾನು ನೋಡಿ ಬಂದಿದ್ದೇನೆ. ಅದರ ಬಾಗಿಲು ಯಾರು ಬಂದರೂ ತೆರೆಯುತ್ತದೆ, ಬಂದವರ ಮುಖ ನೋಡುವುದಿಲ್ಲ, ಗಂಟೆ ಬರೆದುಕೊಳ್ಳುವುದಿಲ್ಲ. ಒಳಗಿನಿಂದ ಒಂದು ಹೆಣ್ಣುದನಿ "ಬಾಗಿಲು ಮುಚ್ಚುತ್ತಿದೆ, ಎಚ್ಚರಿಕೆ" ಎನ್ನುತ್ತದೆ. ಎನ್ನುವುದು ಮುಚ್ಚಿದ ಮೇಲೆ. ಹೋದ ಸಲ ನನ್ನ ಚೀಲವೊಂದು ಅದರ ಬಾಯಿಗೆ ಸಿಕ್ಕಿ ಎರಡು ಮಹಡಿ ಹಾಗೆಯೇ ಹೋಯಿತು, ಒಬ್ಬರೂ ಕೇಳಲಿಲ್ಲ. ಅಂಥ ಇಲಾಖೆಯನ್ನು ದಿನಕ್ಕೆ ನಾಲ್ಕು ಸಲ ನೋಡಿಕೊಂಡು, ಕಾಲು ಮೇಲಿಟ್ಟು, ಸುಮ್ಮನೆ ಕೂತಿರುವುದು ತಮಗೆ ಸಾಧ್ಯವಾದರೆ ಧಾರಾಳವಾಗಿ ಹೋಗಿ ಬನ್ನಿ. ಸಾಧ್ಯವಿಲ್ಲವಾದರೆ, ನಾಳೆ ಏಳು ಹತ್ತರ ಗಾಡಿಗೆ ಗೇಟು ಹಾಕುವವರಿಲ್ಲ. ಮತ್ತು ಏಳು ಗಂಟೆ ಐದಕ್ಕೆ ನಾನು ಒಲೆಯ ಮೇಲೆ ಹಾಲಿಡುವವನಿದ್ದೇನೆ.